ಇದ್ದಿಲು ಲಾರಿ ತೊಳೆದ ಸಂಕ್ರಾಂತಿ

ಸ್ಟೇರಿಂಗ್ ಹಿಡಿಯುತ್ತೇನೆಂದು ಹೊಸ ಖಾಕಿ ಅಂಗಿ ಹೊಲಿಸಿಕೊಂಡು ಹೋದ ನನ್ನ ಕೈಗೆ ಮಂಡ್ಯದ ಲಾರಿ ಕಂಪನಿಯವರು ಮೊದಲ ದಿನ ಕೊಟ್ಟದ್ದು ಒಂದು ಜರಡಿ. ನಮ್ಮವ್ವ ರಾಗಿ ಜರಡಿ ಹಿಡಿಯುತ್ತಿದ್ದಳಲ್ಲ, ಅದಕ್ಕಿಂತ ಅಗಲವಾದದ್ದು, ದಪ್ಪ ತಂತಿಯದು. ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ರೈಟರು ಷೆಡ್ಡಿನ ಮೂಲೆ ತೋರಿಸಿ, "ಅಲ್ಲಿ ಇದ್ಲು ಮೂಟೆ ಅವೆ. ಒಡ್ದು ಜರಡಿ ಇಡಿ" ಅಂದರು. ಇವರಿಗೆ ನಾನು ಯಾರೆಂದು ತಿಳಿದಿಲ್ಲ ಎಂದುಕೊಂಡು ಜೇಬಿನಿಂದ ಲೈಸೆನ್ಸ್ ತೆಗೆದು ಮುಂದೆ ಹಿಡಿದೆ. ಮೈಸೂರಿನಲ್ಲಿ ಪೊಲೀಸ್ ಸಾಹೇಬರ ಕಣ್ಣೆದುರಿಗೆ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಬಿಟ್ಟು ತೋರಿಸಿ ಗಿಟ್ಟಿಸಿದ ಲೈಸೆನ್ಸು. ರೈಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ವಾಪಸ್ಸು ಕೊಟ್ಟರು.

"ಬದ್ರವಾಗಿ ಮಡಿಕಳಪ್ಪ. ಮಸಿಯಾದಾತು."

ಆಗ ಜರ್ಮನಿ ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಕೂಪನ್ನು ಇದ್ದರೂ ಪೆಟ್ರೋಲು ಇರುತ್ತಿರಲಿಲ್ಲ. ಹಾಗಾಗಿ ಮಂಡ್ಯದ ಕಡೆ ಓಡಾಡುತ್ತಿದ್ದ ಬಸ್ಸು ಲಾರಿಗಳೆಲ್ಲ ಇದ್ದಿಲು ತಿನ್ನುವುದನ್ನು ಕಲಿತಿದ್ದವು. ಲಾರಿಯ ಮಗ್ಗುಲಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಅದರೊಳಗೆ ಇದ್ದಿಲು ಕೆಂಡವಾಗಬೇಕು, ಕೆಂಡದಿಂದ ಗ್ಯಾಸು ಏಳಬೇಕು, ಆ ಗ್ಯಾಸು ಕೊಳವೆ ಹಿಡಿದು ಒಂದು ಚಿಕ್ಕ ಪೀಪಾಯಿಗೆ ಬಂದು, ಅಲ್ಲಿ ತುರುಕಿದ್ದ ತೆಂಗಿನ ನಾರಿನ ನಡುವೆ ನುಸುಳಿ, ತನ್ನ ಮಸಿಯನ್ನೆಲ್ಲ ಅಲ್ಲಿ ಬಿಟ್ಟು ಇಂಜಿನ್ನಿಗೆ ಹೋಗಬೇಕು. ಈಗ ಇದನ್ನು ನಾಲ್ಕು ಸಾಲಿನಲ್ಲಿ ಬರೆದುಬಿಟ್ಟೆ. ನನಗೆ ತಿಳಿಯುವುದಕ್ಕೆ ತಿಂಗಳುಗಳು ಹಿಡಿದವು. ಪೀಪಾಯಿಯ ಸಂಗತಿಯಂತೂ ಎಲ್ಲ ಕೆಟ್ಟ ಮೇಲೆ ತಿಳಿಯಿತು. ಅಲ್ಲಿದ್ದವರಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ನನಗೆ ಅಷ್ಟು ಅವಸರವಿದ್ದದ್ದಕ್ಕೂ ಕಾರಣವಿತ್ತು. ನಮ್ಮದು ಕೆರಗೋಡು. ಗದ್ದೆ, ಕಬ್ಬು, ಎರಡು ಜೊತೆ ಎತ್ತು ಇದ್ದ ಮನೆ. ಇರುವ ಒಬ್ಬ ಮಗ ಆರಂಬ ಬಿಟ್ಟು ಮೋಟಾರಿನ ಹಿಂದೆ ಬಿದ್ದನಲ್ಲ ಎಂದು ಅಪ್ಪನಿಗೆ ಕೋಪ. ನಾನು ಮಂಡ್ಯದ ಬಸ್ಸು ಹತ್ತುವ ದಿನ ಜಗಲಿಯ ಮೇಲೆ ಕೂತಿದ್ದವನು ಎದ್ದು ಬಂದು ಒಂದೇ ಮಾತು ಹೇಳಿದ.

"ನೋಡ್ಲಾ, ಯುಗಾದಿಗಂಟ ಟೇಮು. ಹೊನ್ನಾರು ಕಟ್ಟೋ ಒತ್ಗೆ ನಿನ್ ಕೈಗೆ ಅಂತ ಒಂದು ಗಾಡಿ ಆಗಿರ್ಬೇಕು. ಆಗ್ಲಿಲ್ವಾ, ಬಂದು ನೇಗ್ಲು ಇಡ್ಕೊ. ಆಮೇಕೆ ಲಾರಿ ಗೀರಿ ಅಂತ ಬಾಯ್ ಬುಟ್ರೆ ನಾನ್ ಸುಮ್ಕಿರಕಿಲ್ಲ."

ಹೊನ್ನಾರು ಅಂದರೆ ಯುಗಾದಿಯ ದಿನ ಪೂಜೆ ಮಾಡಿ ಕಟ್ಟುವ, ಆ ವರ್ಷದ ಮೊದಲ ಉಳುಮೆ. ನಾನು ಕಂಪನಿಗೆ ಸೇರಿದ್ದು ದೀಪಾವಳಿ ಕಳೆದ ಮೇಲೆ. ಐದು ತಿಂಗಳು ಇದೆಯಲ್ಲ, ಐದು ದಿನ ಸಾಕು ಎಂದುಕೊಂಡಿದ್ದೆ.

ನನ್ನನ್ನು ಹಾಕಿದ್ದು ಕಂಪನಿಯ ಹಳೇ ಡ್ರೈವರೊಬ್ಬರ ಕೆಳಗೆ. ಮಂಡ್ಯದ ಸಾಬರು, ಅವರ ಮನೆತನದವರೆಲ್ಲ ಮೋಟಾರು ರಿಪೇರಿಯವರು. ಅವರನ್ನು ಎಲ್ಲರೂ ವಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಗೌಡ ಎಂದರು. ಇದ್ದಿಲನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆಯಬೇಕು, ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು, ಡ್ರಮ್ಮಿಗೆ ತುಂಬಬೇಕು, ಎಣ್ಣೆಬಟ್ಟೆ ಹೊತ್ತಿಸಿ ಕಿಂಡಿಯಲ್ಲಿ ತೂರಿಸಬೇಕು, ಆಮೇಲೆ ಕೈಯಲ್ಲಿ ಫ್ಯಾನು ತಿರುಗಿಸುತ್ತಾ ನಿಲ್ಲಬೇಕು. ತೋಳು ಬಿದ್ದುಹೋಗುವ ಹೊತ್ತಿಗೆ ವಸ್ತಾದರು ಬಂದು ಒಂದು ಸಣ್ಣ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿಯುವರು. ಉರಿ ನೋಡಿ, ಒಂದೊಂದು ದಿನ "ಹ್ಞೂ" ಎಂದು ಸೀಟಿಗೆ ಹತ್ತುವರು, ಒಂದೊಂದು ದಿನ "ತಿರುಗ್ಸು" ಎಂದು ಬೀಡಿ ಹಚ್ಚುವರು.

"ಈಗ ಯಾಕೆ ಬ್ಯಾಡ ಅಂದ್ರಿ ವಸ್ತಾದ್ರೇ? ಉರೀಲಿ ಏನ್ ಕಾಣ್ತು?"

"ನೋಡ್ತಾ ಇರು ಗೌಡ."

ಇದೇ ಅವರ ಪಾಠ. ಗೇರು ಬದಲಿಸುವುದನ್ನು ಕೇಳಿದರೂ ನೋಡ್ತಾ ಇರು, ಏರಿನಲ್ಲಿ ಗ್ಯಾಸಿಗೆ ಎಷ್ಟು ಗಾಳಿ ಬಿಡಬೇಕೆಂದು ಕೇಳಿದರೂ ನೋಡ್ತಾ ಇರು. ಏರು ಬಂದ ಕಡೆ ನಾನು ಇಳಿದು, ಮರದ ತುಂಡು ಹಿಡಿದುಕೊಂಡು ಲಾರಿಯ ಹಿಂದೆ ಓಡಬೇಕು. ಲಾರಿ ಹಿಂದಕ್ಕೆ ಜಾರಿದರೆ ಗಾಲಿಗೆ ಅಡ್ಡ ಕೊಡಬೇಕು. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಹಲಗೂರು. ಆ ರಸ್ತೆಯ ಏರುಗಳನ್ನೆಲ್ಲ ನಾನು ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ಕಾಲಿನಲ್ಲೇ ಹತ್ತಿದ್ದೇನೆ.

ಸೇರಿದ ಮೂರನೆಯ ದಿನ ತಡೆಯಲಾರದೆ ಕೇಳಿಯೂ ಬಿಟ್ಟೆ. ಟೀ ಅಂಗಡಿಯ ಮುಂದೆ ನಾಲ್ಕು ಜನ ಡ್ರೈವರುಗಳು ಕುಳಿತಿದ್ದರು. "ವಸ್ತಾದ್ರೇ, ನನ್ ಕೈಗೆ ಯಾವಾಗ ಗಾಡಿ ಕೊಡ್ತೀರಿ?" ಅಂದೆ. ವಸ್ತಾದರು ಟೀ ಕುಡಿಯುತ್ತಲೇ ಇದ್ದರು. ಉಳಿದವರು ಹೋ ಎಂದು ನಕ್ಕರು.

"ಕೇಳ್ಬುಟ್ನಲ್ಲಪ್ಪೋ! ಕೆಟ್ಟೆ ಕಣ್ಲಾ. ಕೇಳ್ದೋನಿಗೆ ಒಂದು ತಿಂಗ್ಳು ಜಾಸ್ತಿ ಜರಡಿ!"

ಆ ಕಂಪನಿಯ ಪದ್ಧತಿ ಹೀಗಿತ್ತಂತೆ: ಹೊಸಬ ಕೇಳಬಾರದು, ಹಳಬ ಹೇಳಬಾರದು. ಒಂದು ದಿನ ವಸ್ತಾದ್ ಆದವನು ತನ್ನ ಸೀಟಿನಿಂದ ತಾನೇ ಇಳಿದು, ಲಾರಿಯ ಮುಂದಿನಿಂದ ಸುತ್ತಿಕೊಂಡು ಬಂದು, ಆ ಕಡೆಯ ಬಾಗಿಲಲ್ಲಿ ಹತ್ತಿ ಕೂರುತ್ತಾನೆ. ಅಷ್ಟೇ. ಅದೇ ಅಪ್ಪಣೆ. ಆಗ ಹೊಸಬ ಬಾಯಿ ಮುಚ್ಚಿಕೊಂಡು ಈ ಕಡೆ ಸರಿದು ಸ್ಟೇರಿಂಗ್ ಹಿಡಿಯಬೇಕು. ಲಾರಿಯನ್ನು ಕೆಡಿಸದೆ ಊರು ಮುಟ್ಟಿಸಿದರೆ ಹಳಬ ಹೋಗಿ ಯಜಮಾನರಿಗೆ ಹೇಳುತ್ತಾನೆ, ಯಜಮಾನರು ಗಾಡಿ ಕೊಡುತ್ತಾರೆ. ಇದನ್ನಾದರೂ ಮೊದಲ ದಿನ ಹೇಳಬಹುದಿತ್ತಲ್ಲ! ಅದನ್ನೂ ನಾನು ತಪ್ಪು ಮಾಡಿಯೇ ತಿಳಿಯಬೇಕಾಯಿತು.

ಈಗಲೂ ನಮ್ಮ ಕಡೆ ಹುಡುಗರು ಲಾರಿ ಕಂಪನಿಗೆ ಸೇರುವ ಮುಂಚೆ, ಅಲ್ಲಿ ಹೆಂಗಿರುತ್ತೆ ತಾತ ಎಂದು ನನ್ನನ್ನು ಕೇಳುವುದುಂಟು. ಲಾರಿ ಓಡಿಸುವುದು ಕಡಿಮೆ, ಕಾಯುವುದೇ ಹೆಚ್ಚು ಎಂದು ಹೇಳುತ್ತೇನೆ. ಸರಕಿಗೆ ಕಾಯಬೇಕು, ಚೀಟಿಗೆ ಕಾಯಬೇಕು, ಹಳಬನ ಮನಸ್ಸಿಗೆ ಕಾಯಬೇಕು. ನಂಬದ ಮುಖ ಮಾಡಿಕೊಂಡು ಹೋಗುತ್ತಾರೆ. ನಾನೂ ನಂಬುತ್ತಿರಲಿಲ್ಲ.

ನಡುವೆ ಒಂದು ಸಲ ಊರಿಗೆ ಹೋದೆ. ಬಸ್ಸಿಳಿದು ಬೀದಿಯಲ್ಲಿ ಬರುತ್ತಿದ್ದರೆ ಚಾವಡಿಯಲ್ಲಿದ್ದವರೊಬ್ಬರು, "ಏನ್ಲಾ ಡ್ರೈವರ್ರೇ, ಗಾಡಿ ಒಳಿಕ್ಕೆ ಕುಂತ್ಕಂಡು ಓಡಿಸ್ತೀಯೋ, ಒಲೆ ಒಳಿಕ್ಕೆ ಕುಂತ್ಕಂಡು ಓಡಿಸ್ತೀಯೋ?" ಅಂದರು. ಅವ್ವ ಸೀಗೆಪುಡಿ ಹಾಕಿ ಎರಡು ಸಲ ಬೆನ್ನು ಉಜ್ಜಿದರೂ ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಅಪ್ಪ ನನ್ನ ಕೈ ನೋಡಿದ, ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಸಂಕ್ರಾಂತಿ ಬಂತು. ಆ ದಿನ ಲಾರಿಗಳಿಗೆ ರಜೆ, ಹೊಸಬರಿಗಿಲ್ಲ. ವಸ್ತಾದರು ಹಿಂದಿನ ದಿನ ಮನೆಗೆ ಹೊರಡುವಾಗ, "ನಾಳೆ ನಿಮ್ದು ಹಬ್ಬ ಅಲ್ವಾ, ಗಾಡಿ ಚೆನ್ನಾಗಿ ತೊಳ್ದಿಡು ಗೌಡ. ನಾಡಿದ್ದು ಮಳವಳ್ಳೀಲಿ ಬೆಲ್ಲ ಹೇರಬೇಕು" ಅಂದರು. ಅಷ್ಟು ಉದ್ದದ ಮಾತನ್ನು ಅವರು ನನಗೆ ಹೇಳಿದ್ದು ಅದೇ ಮೊದಲು.

ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆಗೆ ಕಿಚ್ಚು ಹಾಯಿಸಲು ಹುಲ್ಲು ಹರವುತ್ತಿರುತ್ತಾರೆ. ಹುಟ್ಟಿದಾಗಿನಿಂದ ಒಂದು ಸಂಕ್ರಾಂತಿಯನ್ನೂ ನಾನು ಎತ್ತುಗಳಿಲ್ಲದೆ ಕಳೆದವನಲ್ಲ. ಇರಲಿ, ಇದೇ ನನ್ನ ಎತ್ತು ಎಂದುಕೊಂಡು ರೈಟರನ್ನು ಒಪ್ಪಿಸಿ, ಅಲ್ಲಿದ್ದ ಇನ್ನೊಬ್ಬ ಡ್ರೈವರನ ಕೈಲಿ ಲಾರಿಯನ್ನು ನಾಲೆಯ ಮಗ್ಗುಲಿಗೆ ತರಿಸಿಕೊಂಡೆ. ಹುಲ್ಲಿನ ಸಿಂಬಿ ಮಾಡಿಕೊಂಡು ಎತ್ತಿನ ಮೈ ಉಜ್ಜುವ ಹಾಗೆಯೇ ಉಜ್ಜಿದೆ. ಗಾಲಿ ತೊಳೆದೆ, ಗಾಲಿಯ ಸಂದಿ ತೊಳೆದೆ. ಎತ್ತಿನ ಕಿವಿಯೊಳಗೆ, ಗೊರಸಿನ ಸಂದಿಯಲ್ಲಿ ಕೊಳೆ ಬಿಟ್ಟರೆ ಅಪ್ಪ ಸುಮ್ಮನಿರುತ್ತಿರಲಿಲ್ಲ. ಹಾಗೆ ಹುಡುಕುತ್ತಾ ಹೋದವನಿಗೆ ಆ ಚಿಕ್ಕ ಪೀಪಾಯಿ ಕಂಡಿತು. ಮುಚ್ಚಳ ತೆಗೆದೆ. ಒಳಗೆ ನಾರು, ಕಾಡಿಗೆಯ ಹಾಗೆ ಕಪ್ಪು. ಅಯ್ಯೋ ಪಾಪ, ಎಷ್ಟು ವರ್ಷದ ಕೊಳೆಯೋ ಎಂದು ಅಷ್ಟನ್ನೂ ಈಚೆಗೆಳೆದು, ನಾಲೆಯ ನೀರಿನಲ್ಲಿ ಕುಕ್ಕಿ ಕುಕ್ಕಿ, ನಾರಿಗೆ ನಾರಿನ ಬಣ್ಣ ಬರುವವರೆಗೂ ತೊಳೆದು, ಹಿಂಡಿ, ಹಾಗೆಯೇ ಒಳಗೆ ತುರುಕಿ ಮುಚ್ಚಳ ಹಾಕಿದೆ. ಕೊನೆಗೆ ಅರಿಶಿನ ಕುಂಕುಮ ಇಟ್ಟು ಮೂತಿಗೆ ಚೆಂಡುಹೂವಿನ ಹಾರ ಕಟ್ಟಿದೆ.

ಮಾರನೆಯ ಬೆಳಗ್ಗೆ ವಸ್ತಾದರು ಬಂದವರು ಲಾರಿಯನ್ನು ಒಂದು ಸುತ್ತು ಹಾಕಿ, "ಅರೆ ಗೌಡ! ಮದ್ವೆ ಗಂಡು ಮಾಡ್ಬುಟ್ಟಿದ್ದೀಯಲ್ಲೋ!" ಎಂದು ನಕ್ಕರು. ಕೊಳವೆಗೆ ಕಡ್ಡಿ ಹಿಡಿದರೆ ಉರಿ ಮಂಕಾಗಿತ್ತು. ಇದ್ದಿಲಿಗೆ ಇಬ್ಬನಿ ಹೊಡೆದಿರಬೇಕು ಎಂದು ತಾವೇ ಗೊಣಗಿಕೊಂಡರು. ಇದ್ದಷ್ಟು ಪೆಟ್ರೋಲಿನಲ್ಲಿ ಇಂಜಿನ್ನು ಎಬ್ಬಿಸಿದರು. ಖಾಲಿ ಲಾರಿ ಕೆಮ್ಮುತ್ತಾ ಕೆಮ್ಮುತ್ತಾ ಮಳವಳ್ಳಿ ಸೇರಿತು.

ಅಲ್ಲಿ ಬೆಲ್ಲದ ಮೂಟೆ ಹೇರಿ ಹಗ್ಗ ಬಿಗಿದದ್ದಾಯಿತು. ಸಂಜೆಯೊಳಗೆ ಮದ್ದೂರು ಸ್ಟೇಷನ್ನಿನಲ್ಲಿ ಗೂಡ್ಸು ಬಂಡಿಗೆ ತುಂಬಬೇಕಾದ ಮಾಲು. ನಾನು ಎಂದಿನ ಹಾಗೆ ನನ್ನ ಜಾಗದಲ್ಲಿ ಕುಳಿತೆ. ವಸ್ತಾದರು ಹತ್ತಿದವರು ಹಾಗೇ ಸ್ವಲ್ಪ ಹೊತ್ತು ಕೂತು, ಆ ಹೂವಿನ ಹಾರ ನೋಡಿ, ಇಳಿದರು. ಏನೋ ಮರೆತಿರಬೇಕು ಎಂದುಕೊಂಡೆ. ಮುಂದಿನಿಂದ ಸುತ್ತಿಕೊಂಡು ಬಂದು ನನ್ನ ಬಾಗಿಲು ತೆಗೆದು ನಿಂತರು.

ಸರಿದು ಕುಳಿತು ಸ್ಟೇರಿಂಗ್ ಹಿಡಿದೆ.

ಮಳವಳ್ಳಿ ಬಿಟ್ಟು ನಾಲ್ಕಾರು ಮೈಲಿ ನಾನು ಡ್ರೈವರಾಗಿದ್ದೆ. ಆಮೇಲೆ ಒಂದು ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಇಂಜಿನ್ನು ಉಬ್ಬಸ ಹಿಡಿದವರ ಹಾಗೆ ಏದುಸಿರು ಬಿಟ್ಟು ನಿಂತೇಹೋಯಿತು. ಮರದ ತುಂಡು ಹಿಡಿದು ಹಾರುವ ಸರದಿ ಆ ದಿನ ವಸ್ತಾದರದು. ಅಡ್ಡ ಕೊಟ್ಟು, ಫ್ಯಾನು ತಿರುಗಿಸಿ, ಮತ್ತೆ ಎಬ್ಬಿಸಿದೆವು. ಹತ್ತು ಗಜ ಹೋಯಿತು, ನಿಂತಿತು.

"ಕಾಲೋ ಅದು, ಒನಕೇನೋ? ಮೂರು ತಿಂಗ್ಳು ಪಕ್ಕದಲ್ಲಿ ಕೂತು ಏನ್ ನೋಡ್ದೆ? ಇಳಿ!" ಎಂದು ತಾವೇ ಹತ್ತಿದರು. ಅವರ ಕಾಲಿಗೂ ಅದು ಜಗ್ಗಲಿಲ್ಲ. ಆಗ ಇಳಿದು ಬಂದು ಒಂದೊಂದೇ ಬಿಚ್ಚುತ್ತಾ ಪೀಪಾಯಿಯ ಮುಚ್ಚಳ ತೆಗೆದರು. ಒಳಗಿನಿಂದ ಕರೀ ನೀರು ತೊಟ್ಟಿಕ್ಕಿತು.

"ಇದ್ರಾಗೆ ನೀರು ಹೆಂಗ್ ಬಂತು?"

"ನಾನೇ ತೊಳ್ದೆ ವಸ್ತಾದ್ರೇ. ಸ್ಯಾನೆ ಮಸಿ ಇಡ್ದಿತ್ತು."

"ತೊಳ್ದೆ, ಸರಿ. ಒಣಗಿಸ್ದಾ?"

"ಒಣಗಿಸ್ಬೇಕು ಅಂತ ಯಾರು ಯೋಳುದ್ರು?"

"ಒದ್ದೆ ನಾರಲ್ಲಿ ಗ್ಯಾಸ್ ಹೋಗ್ತದಾ? ನೋಡಿ ತಿಳ್ಕೋಬೇಕು."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಿರಿಯರು, ಗುರುಸ್ಥಾನದಲ್ಲಿರುವವರು ಎಂಬುದನ್ನೂ ಮರೆತು ರಸ್ತೆಯ ನಡುವೆ ಕೂಗಾಡಿದೆ. "ಏನ್ ನೋಡ್ಲಿ ವಸ್ತಾದ್ರೇ? ಮುಚ್ಚಿದ ಪೀಪಾಯಿ ಒಳಿಕ್ಕೆ ಏನ್ ನೋಡ್ಲಿ? ಮೂರು ತಿಂಗ್ಳಿಂದ ನೋಡ್ತಾ ಇರು, ನೋಡ್ತಾ ಇರು! ಒಂದು ದಿನ, ಒಂದೇ ಒಂದು ದಿನ, ಇದು ಇಂಗೆ ಕಣಪ್ಪಾ ಅಂತ ಅಂದಿದ್ರೆ ನಿಮ್ ಗಂಟೇನ್ ಓಗ್ತಿತ್ತು?"

ಅವರು ನಾರನ್ನು ಎಳೆದು ಬಂಡೆಯ ಮೇಲೆ ಹರವಿದರು. ಅಷ್ಟರಲ್ಲಿ ಬಣ್ಣದ ಕೊಂಬಿನ ಎತ್ತು ಹೂಡಿಕೊಂಡು ಬಂದ ಗಾಡಿಯವನೊಬ್ಬ ನಮ್ಮ ಹಾರ ಹಾಕಿದ ಲಾರಿ ನೋಡಿ ನಿಂತು, "ಏನ್ ಸಾಬ್ರೇ, ನಿಮ್ ಬಸಪ್ಪ ಕಿಚ್ಚು ಆಯೋಕ್ ಓಗಿ ಮೊಣಕಾಲು ಮುರ್ಕಂಡ್ನಾ? ನಮ್ ಎತ್ತ ಬಿಚ್ಕೊಡ್ಲಾ?" ಎಂದು ಹಲ್ಲು ಕಿರಿದು ಹೋದ.

ಪುಷ್ಯದ ಬಿಸಿಲಿಗೆ ನಾರು ಎಲ್ಲಿ ಒಣಗೀತು? ನಾನು ಮೆಲ್ಲಗೆ, "ಅಗೋ ಅಲ್ಲಿ ತೆಂಗಿನ ತೋಟ ಅದೆ. ಒಣಗಿದ ಮಟ್ಟೆ ತಂದು ಬಡುದ್ರೆ ಒಸಾ ನಾರೇ ಸಿಕ್ತದೆ" ಅಂದೆ. "ಬಾಯ್ ಮುಚ್ಕೊಂಡು ಕೂತ್ಕೋ" ಅಂದರು. ಎರಡು ಬೀಡಿ ಸೇದಿ ಮುಗಿಸಿದ ಮೇಲೆ, ಆಗ ತಾನೇ ತಮಗೆ ಹೊಳೆದವರ ಹಾಗೆ, "ಗೌಡ, ಆ ತೋಟದಾಗೆ ಮಟ್ಟೆ ಇರ್ತವೆ, ತಗೊಂಬಾ" ಅಂದರು! ಕಲ್ಲಿನ ಮೇಲಿಟ್ಟು ಇಬ್ಬರೂ ಬಡಿದೆವು. ಪೀಪಾಯಿ ತುಂಬಿ ವಸ್ತಾದರೇ ಲಾರಿ ಹೊರಡಿಸುವ ಹೊತ್ತಿಗೆ ಹೊತ್ತು ಇಳಿದಿತ್ತು. ಮದ್ದೂರು ಮುಟ್ಟಿದಾಗ ಗೂಡ್ಸು ಹೋಗಿಯಾಗಿತ್ತು. ಬೆಲ್ಲದವರು ಪ್ಲಾಟ್‌ಫಾರಂ ಮೇಲೆ ನಮ್ಮಿಬ್ಬರ ವಂಶವನ್ನೆಲ್ಲ ಜಾಲಾಡಿದರು.

ಮಾರನೆಯ ದಿನ ಯಜಮಾನರು ಷೆಡ್ಡಿಗೇ ಬಂದರು. ಒಳ್ಳೆಯವರೇ, ಆದರೆ ಕೋಪ ಬಂದರೆ ಮುಖ ಮುಲಾಜಿಲ್ಲ.

"ಯಾರು ಓಡಿಸ್ತಿದ್ದೋರು?"

ನಾನು ಜರಡಿ ಹಿಡಿದು ನಿಂತಿದ್ದೆ. ವಸ್ತಾದರು, "ನಾನೇ ಯಜಮಾನ್ರೇ. ನಾರಿಗೆ ಇಬ್ಬನಿ ಹೊಡೆದಿತ್ತು, ಗಮನಿಸ್ಲಿಲ್ಲ" ಅಂದರು. ಎಲ್ಲರ ಎದುರಿಗೆ ಬೈಸಿಕೊಂಡರು.

ಆ ದಿನ ಅವರ ಕಾಲು ಹಿಡಿಯೋಣ ಅನ್ನಿಸಿತು. ವಾರ ಕಳೆಯುವಷ್ಟರಲ್ಲಿ ನನಗೆ ಆದದ್ದೇನೆಂದು ತಿಳಿಯಿತು. ನನ್ನ ಸರದಿಯ ಮಾತೆತ್ತಿದರೆ ರೈಟರು, "ನೀನೆಲ್ಲಿ ಓಡಿಸ್ದೆ? ಓಡಿಸ್ದೋನು ನಾನೇ ಅಂತ ಸಾಬ್ರೇ ಯಜಮಾನ್ರಿಗೆ ಹೇಳವ್ರಲ್ಲ" ಅಂದರು. ವಸ್ತಾದರೂ ಮತ್ತೆ ಸೀಟಿನಿಂದ ಇಳಿದು ಸುತ್ತಿ ಬರಲಿಲ್ಲ. ನನ್ನನ್ನು ಉಳಿಸಿದ್ದ ಮಾತೇ ನಾನು ಓಡಿಸಿದ್ದ ಆ ನಾಲ್ಕಾರು ಮೈಲಿಯನ್ನೂ ಅಳಿಸಿಹಾಕಿತ್ತು. ಮಾಘ ಹೋಯಿತು, ಫಾಲ್ಗುಣ ಹೋಗುತ್ತಾ ಬಂತು. ಇಬ್ಬರು ಡ್ರೈವರುಗಳು ದಂಡಿಗೆ ಸೇರಿ ಹೋದರು. ಒಂದು ಲಾರಿ ಓಡಿಸುವವರಿಲ್ಲದೆ ಷೆಡ್ಡಿನಲ್ಲಿ ನಿಂತಿತ್ತು, ನಾನು ಅದರ ಪಕ್ಕದಲ್ಲೇ ಕುಳಿತು ಇದ್ದಿಲು ಒಡೆಯುತ್ತಿದ್ದೆ! ಮೈಸೂರಿನಿಂದ ಯಾರನ್ನೋ ಕರೆಸುತ್ತಾರೆಂದು ಸುದ್ದಿ ಬಂತು.

ಯುಗಾದಿಗೆ ವಾರವಿತ್ತು. ಅಂಗಿ ಕೊಡವಿಕೊಂಡು ನೇರ ಯಜಮಾನರ ಮುಂದೆ ಹೋಗಿ ನಿಂತೆ. ಮಳವಳ್ಳಿಯಿಂದ ಆ ಏರಿನವರೆಗೆ ಬೆಲ್ಲದ ಲಾರಿ ಓಡಿಸಿದವನು ನಾನು, ನಾರು ತೊಳೆದವನೂ ನಾನೇ, ಒಣಗಿಸಬೇಕೆಂದು ಗೊತ್ತಿರಲಿಲ್ಲ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ವಸ್ತಾದರನ್ನು ಕರೆಸಿದರು.

"ಇವ್ನು ಹೇಳೋದು ದಿಟವಾ ಸಾಬ್ರೇ?"

ವಸ್ತಾದರು ನನ್ನ ಕಡೆ ಒಂದು ಸಲ ನೋಡಿದರು. "ದಿಟ."

"ಹೇರಿದ ಗಾಡೀನ ಅಷ್ಟು ದೂರ ತಂದವ್ನೆ ಅಂದ್ಮೇಲೆ ಓಡಿಸೋಕೆ ಬರ್ತದೆ ಅಂತಾಯ್ತು. ಆ ನಿಂತಿರೋ ಗಾಡಿ ಇವ್ನಿಗೆ ಕೊಡಿ. ಸಾಬ್ರೇ, ಇಷ್ಟು ವರ್ಷ ಇದ್ದೋರು ನೀವು, ನನ್ ಹತ್ರ ಸುಳ್ಳು ಹೇಳ್ತೀರಿ ಅಂತ ನಾನ್ ಅಂದ್ಕೊಂಡಿರ್ಲಿಲ್ಲ."

ಗಾಡಿ ಸಿಕ್ಕಿತು. ವಸ್ತಾದರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು. ನಾನು ಹಿಂದೆ ಓಡಿಹೋಗಿ ಮಾತಾಡಿಸಬೇಕಿತ್ತು. ಆ ಹೊತ್ತಿನಲ್ಲಿ ನನ್ನ ಕಣ್ಣು ಆ ಲಾರಿಯ ಮೇಲಿತ್ತು.

ಯುಗಾದಿಗೆ ಊರಿಗೆ ಹೋದೆ. ಅಪ್ಪ ನೇಗಿಲಿಗೆ ಪೂಜೆ ಮಾಡುತ್ತಿದ್ದ. "ಕೊಟ್ರಾ?" ಅಂದ. "ಕೊಟ್ರು" ಅಂದೆ. ಗದ್ದೆಯ ಬದುವಿನ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವನು ಮೊದಲ ಸಾಲು ಉಳುತ್ತಾ ಹೋಗಿ, ಎತ್ತು ತಿರುಗಿಸಿಕೊಂಡು ನನ್ನ ಹತ್ತಿರ ಬಂದಾಗ ನಿಲ್ಲಿಸಿದ.

"ಗಾಡಿ ಕೇಳುದ್ದು ತಪ್ಪಲ್ಲ ಕಣ್ಲಾ. ನಿನ್ನಿಂದ ಬೈಸ್ಕಂಡೋರು ಅವ್ರು. ಇಂಗಿಂಗೆ ಯಜಮಾನ್ರತ್ರ ಯೋಳ್ತೀನಿ ಅಂತ ಮೊದ್ಲು ಅವ್ರ ಮುಂದೆ ಒಂದು ಮಾತು ಯೋಳ್ಬಾರ್ದಾಗಿತ್ತಾ?"

ಈ ಮಾತು ನನಗೆ ಹೊಳೆದೇ ಇರಲಿಲ್ಲ.

ಅವ್ವ ಎಲೆಯಲ್ಲಿ ಕಟ್ಟಿಕೊಟ್ಟ ಒಬ್ಬಟ್ಟು ಹಿಡಿದುಕೊಂಡು ಮಾರನೆಯ ಬೆಳಗ್ಗೆ ಷೆಡ್ಡಿಗೆ ಬಂದೆ. ವಸ್ತಾದರು ತಮ್ಮ ಲಾರಿಯ ಫ್ಯಾನನ್ನು ತಾವೇ ತಿರುಗಿಸುತ್ತಿದ್ದರು. "ಅವ್ವ ಕಳ್ಸವ್ಳೆ" ಅಂದೆ. ಕೈ ಒರೆಸಿಕೊಂಡು ಗಂಟು ತೆಗೆದುಕೊಂಡರು, ಮೂಸಿ ನೋಡಿ ಸೀಟಿನ ಮೇಲಿಟ್ಟರು. ನಾನು ಇನ್ನೂ ಏನೋ ಹೇಳಬೇಕೆಂದು ನಿಂತೇ ಇದ್ದೆ.

"ನಿಮ್ ಗಾಡೀಗೆ ಬೆಂಕಿ ಹಾಕ್ಕೊಳ್ಳಿ ಡ್ರೈವರ್ರೇ" ಅಂದರು. "ಹಲಗೂರಿನ ಮಾಲು ಕಾಯ್ತಾ ಅದೆ."

ಅದಾದ ಮೇಲೆ ನಾಲ್ಕು ವರ್ಷ ಒಂದೇ ಷೆಡ್ಡಿನಲ್ಲಿದ್ದೆವು. ಏರಿನಲ್ಲಿ ನನ್ನ ಲಾರಿ ನಿಂತದ್ದು ಕಂಡರೆ ತಮ್ಮದನ್ನು ನಿಲ್ಲಿಸಿ ಬಂದು, ಏನು ಕೆಟ್ಟಿದೆಯೆಂದು ನೋಡಿ, ಸರಿಮಾಡಿ ಹೋಗುತ್ತಿದ್ದರು. ಗೌಡ ಎಂದು ಮಾತ್ರ ಮತ್ತೆ ಕರೆಯಲಿಲ್ಲ.